ನೆತ್ತಿಯ ಮೇಲೆ ಹಾದುಹೋದ ತಂತಿ

ನಮ್ಮ ದೇಶ ಆವಿಷ್ಕಾರದ ಹಾದಿಯಲ್ಲಿ ನಾಗಾಲೋಟದಲ್ಲಿದೆ ಎಂಬ ಮಾತನ್ನು ನಾವೀಗ ಕೇಳದ ದಿನವಿಲ್ಲ. ಸರಕಾರ, ಉದ್ಯಮ ಮತ್ತು ಸಮಾಜ ಒಂದಾಗಿ ಹೊಸ ಭಾರತವನ್ನು ಕಟ್ಟುತ್ತಿವೆಯೆಂದು ಸಚಿವರು ಭಾಷಣ ಮಾಡುತ್ತಾರೆ. ಪತ್ರಿಕೆಗಳು ಪುಟಗಟ್ಟಲೆ ಜಾಹೀರಾತು ಪ್ರಕಟಿಸುತ್ತವೆ. ಜಾಗತಿಕ ನಾವೀನ್ಯ ಸೂಚ್ಯಂಕದಲ್ಲಿ 2015ರಲ್ಲಿ 81ನೇ ಸ್ಥಾನದಲ್ಲಿದ್ದ ಭಾರತ 2025ರಲ್ಲಿ 38ನೇ ಸ್ಥಾನಕ್ಕೆ ಏರಿರುವುದನ್ನು ಅದಕ್ಕೆ ಪುರಾವೆಯಾಗಿ ಮುಂದಿಡುತ್ತಾರೆ. ಈ ಏರಿಕೆ ಸುಳ್ಳಲ್ಲ, ಅದನ್ನು ಅಲ್ಲಗಳೆಯುವ ಅಗತ್ಯವೂ ಇಲ್ಲ. ಆದರೆ ಈ 38ನೇ ಸ್ಥಾನವನ್ನು ಎಲ್ಲಿ ನಿಂತು ನೋಡಬೇಕು? ಬೆಂಗಳೂರಿನ ಗಾಜಿನ ಕಟ್ಟಡದ ಹತ್ತನೇ ಮಹಡಿಯಲ್ಲಿ ನಿಂತೋ, ಅಥವಾ ಮದ್ದೂರು ತಾಲೂಕಿನ ಬೆಸಗರಹಳ್ಳಿಯ ರಸ್ತೆಬದಿಯಲ್ಲಿ ನಿಂತೋ?

ಬೆಸಗರಹಳ್ಳಿಯ ಹೆಸರು ಕನ್ನಡದ ಓದುಗರಿಗೆ ಹೊಸದಲ್ಲ. ವೈದ್ಯರೂ ಕಥೆಗಾರರೂ ಆಗಿದ್ದ ರಾಮಣ್ಣನವರು ತಮ್ಮ ಹೆಸರಿನ ಜೊತೆಗೆ ಈ ಊರನ್ನೂ ನಾಡಿಗೆ ಪರಿಚಯಿಸಿದರು. ಅದರ ಆಸುಪಾಸಿನದು ಕಬ್ಬಿನ ಸೀಮೆ. ಕೊಪ್ಪದಲ್ಲಿ ಒಂದು, ಕೆ.ಎಂ. ದೊಡ್ಡಿಯಲ್ಲಿ ಒಂದು ಖಾಸಗಿ ಸಕ್ಕರೆ ಕಾರ್ಖಾನೆಗಳಿವೆ. ಕಾರ್ಖಾನೆಗೆ ಹೋಗದ ಕಬ್ಬು ಆಲೆಮನೆಗೆ ಹೋಗುತ್ತದೆ. ಮಂಡ್ಯದ ಬೆಲ್ಲವನ್ನು ಒಂದು ಜಿಲ್ಲೆ ಒಂದು ಉತ್ಪನ್ನ ಯೋಜನೆಯಡಿ ಜಿಲ್ಲೆಯ ಹೆಮ್ಮೆಯೆಂದು ಸರಕಾರವೇ ಆರಿಸಿದೆ. ಆ ಹೆಮ್ಮೆ ತಯಾರಾಗುವ ಜಾಗವನ್ನೊಮ್ಮೆ ನೋಡಿ ಬನ್ನಿ. ಗಾಣಕ್ಕೆ ಎತ್ತಿನ ಬದಲು ಮೋಟಾರು ಬಂದಿದೆ. ಉಳಿದಂತೆ ಅದೇ ಒಲೆ, ಅದೇ ಕೊಪ್ಪರಿಗೆ, ಅದೇ ಹೊಗೆ. ಬೆಲ್ಲಕ್ಕೆ ಹೊಂಬಣ್ಣ ಬರಲೆಂದು ಹಲವೆಡೆ ಹೈಡ್ರೋಸ್ ಸುರಿಯುತ್ತಾರೆ. ಕೊಳ್ಳುವವನ ಕಣ್ಣಿಗೆ ಬಣ್ಣ ಬೇಕು, ಅವನ ಹೊಟ್ಟೆಗೆ ಏನಾದರೆ ಯಾರಿಗೇನು? ಹಿಂದೆ ಇದೇ ಕೆಲಸಕ್ಕೆ ಬೆಂಡೆಗಿಡದ ಲೋಳೆಯನ್ನು ಬಳಸುತ್ತಿದ್ದರು. ಕುದಿಯುವ ಕೊಪ್ಪರಿಗೆಯ ಮುಂದೆ ನಿಲ್ಲುವವರು ಹಲವು ಆಲೆಮನೆಗಳಲ್ಲಿ ಈಗ ಉತ್ತರ ಭಾರತದಿಂದ ಬಂದ ಬಡ ಕಾರ್ಮಿಕರು. ಚಂದ್ರನ ದಕ್ಷಿಣ ಧ್ರುವದ ಬಳಿ 2023ರ ಆಗಸ್ಟ್‌ನಲ್ಲಿ ನೌಕೆ ಇಳಿಸಿದ ದೇಶಕ್ಕೆ, ಹೊಗೆ ಕಡಿಮೆಯಿರುವ ಒಲೆಯನ್ನು ಆಲೆಮನೆಯ ಬಡ ಮಾಲಕನ ಕೈಗೆಟಕುವ ಬೆಲೆಯಲ್ಲಿ ತಲುಪಿಸಲು ಏಕೆ ಸಾಧ್ಯವಾಗುತ್ತಿಲ್ಲ?

ಹಾಗಂತ ಆಲೆಮನೆಗೆ ಹೊಸ ತಂತ್ರಜ್ಞಾನ ಬಂದೇ ಇಲ್ಲ ಎನ್ನುವಂತಿಲ್ಲ. ಬಂದಿದೆ. 2023ರ ನವೆಂಬರ್‌ನಲ್ಲಿ ಬೆಂಗಳೂರಿನ ಪೊಲೀಸರು ಹೆಣ್ಣುಭ್ರೂಣ ಹತ್ಯೆಯ ಜಾಲವೊಂದನ್ನು ಭೇದಿಸಿದಾಗ ಗರ್ಭದಲ್ಲಿರುವುದು ಹೆಣ್ಣೋ ಗಂಡೋ ಎಂದು ಪತ್ತೆಹಚ್ಚುವ ಸ್ಕ್ಯಾನಿಂಗ್ ನಡೆಯುತ್ತಿದ್ದುದು ಮಂಡ್ಯ ಜಿಲ್ಲೆಯ ಒಂದು ಆಲೆಮನೆಯಲ್ಲಿ ಎಂಬುದು ಬಯಲಾಯಿತು. ನೂರಾರು ಹೆಣ್ಣುಭ್ರೂಣಗಳನ್ನು ಈ ಜಾಲ ಇಲ್ಲವಾಗಿಸಿದೆಯೆಂದು ಪೊಲೀಸರು ಹೇಳಿದರು. ಲಿಂಗಪತ್ತೆಯನ್ನು ನಿಷೇಧಿಸುವ ಕಾನೂನು 1994ರಿಂದಲೂ ಇದೆ. ಯೋಚಿಸಿ. ಸುಧಾರಿತ ಒಲೆ ತಲುಪದ ಆಲೆಮನೆಗೆ ಸ್ಕ್ಯಾನಿಂಗ್ ಯಂತ್ರ ತಲುಪಿತು. ಒಲೆಗೆ ಬೇಡಿಕೆಯಿರಲಿಲ್ಲ, ಹೆಣ್ಣುಮಗುವನ್ನು ಕೊಲ್ಲುವುದಕ್ಕೆ ಬೇಡಿಕೆಯಿತ್ತು. ಮರಳಿನಲ್ಲಿ ಹೆಣ್ಣುಮಗುವನ್ನು ಹೂಳುತ್ತಿದ್ದ ಅರಬರ ಕಾಲವನ್ನು ನಾವು ಅಜ್ಞಾನಕಾಲವೆಂದು ಕರೆಯುತ್ತೇವೆ. ಅವರ ಕೈಯಲ್ಲಿದ್ದುದು ಗುದ್ದಲಿ. ಇವರ ಕೈಯಲ್ಲಿರುವುದು ಇಪ್ಪತ್ತನೇ ಶತಮಾನದ ಶ್ರೇಷ್ಠ ವೈದ್ಯಕೀಯ ಉಪಕರಣಗಳಲ್ಲೊಂದು. ಯಂತ್ರ ಹೊಸದಾದ ಮಾತ್ರಕ್ಕೆ ಕಾಲ ಹೊಸದಾಗುತ್ತದೆ ಎಂದು ನಂಬುವವರು ಈ ಆಲೆಮನೆಯ ಬಗ್ಗೆ ಏನನ್ನುತ್ತಾರೆ?

ಮಂಡ್ಯ ಜಿಲ್ಲೆಗೆ ದೊಡ್ಡ ಯೋಜನೆಗಳ ಕೊರತೆ ಎಂದೂ ಇರಲಿಲ್ಲ. ಮಳವಳ್ಳಿ ತಾಲೂಕಿನ ಶಿವನಸಮುದ್ರದಲ್ಲಿ ಕಾವೇರಿ ಧುಮುಕುವಲ್ಲಿ 1902ರಲ್ಲಿ ಜಲವಿದ್ಯುತ್ ಉತ್ಪಾದನೆ ಆರಂಭವಾಯಿತು. ಅಂದು ದೇಶದಲ್ಲೇ ಅದು ದೊಡ್ಡ ಸಾಹಸ. ಸುಮಾರು 147 ಕಿಲೋಮೀಟರ್ ದೂರದವರೆಗೆ ತಂತಿ ಎಳೆಯಲಾಯಿತು. ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದಾಗಿತ್ತು. ತಂತಿ ಹೋದದ್ದೆಲ್ಲಿಗೆ? ಬ್ರಿಟಿಷ್ ಕಂಪೆನಿಗಳು ಚಿನ್ನ ತೆಗೆಯುತ್ತಿದ್ದ ಕೋಲಾರದ ಗಣಿಗೆ. ಮೂರು ವರ್ಷಗಳ ಬಳಿಕ, 1905ರಲ್ಲಿ, ಬೆಂಗಳೂರಿನ ಬೀದಿಗಳಲ್ಲಿ ದೀಪ ಉರಿಯಿತು. ಆದರೆ ಯಾವ ಹಳ್ಳಿಗಳ ನೆತ್ತಿಯ ಮೇಲೆ ಆ ತಂತಿ ಹಾದುಹೋಯಿತೋ ಆ ಹಳ್ಳಿಗಳು ಇನ್ನೂ ಹಲವು ದಶಕಗಳ ಕಾಲ ಸೀಮೆಎಣ್ಣೆಯ ಬುಡ್ಡಿಯಲ್ಲೇ ಬದುಕಿದವು.

ಅದು ಅರಸೊತ್ತಿಗೆ ಮತ್ತು ಬ್ರಿಟಿಷರ ಕಾಲ ಎಂದು ಸಮಾಧಾನ ಪಟ್ಟುಕೊಳ್ಳೋಣವೇ? ಹಾಗಾದರೆ 2023ರ ಮಾರ್ಚ್ 12ಕ್ಕೆ ಬನ್ನಿ. ಅಂದು ಪ್ರಧಾನಿ ನರೇಂದ್ರ ಮೋದಿಯವರು ಇದೇ ಮದ್ದೂರು ತಾಲೂಕಿನ ಗೆಜ್ಜಲಗೆರೆಯಲ್ಲಿ ಬೆಂಗಳೂರು-ಮೈಸೂರು ಹೆದ್ದಾರಿಯನ್ನು ಲೋಕಾರ್ಪಣೆ ಮಾಡಿದರು. ಮೂರು ಗಂಟೆಯ ಪ್ರಯಾಣ ಒಂದೂವರೆ ಗಂಟೆಗೆ ಇಳಿಯಿತೆಂದು ಸಂಭ್ರಮಿಸಿದರು. ಹೆದ್ದಾರಿ ಮದ್ದೂರು ಪೇಟೆಯನ್ನು ಪಕ್ಕಕ್ಕೆ ತಳ್ಳಿ ಮೇಲಿನಿಂದ ಹಾದುಹೋಯಿತು. ಮದ್ದೂರು ವಡೆಯ ಹೊಟೇಲುಗಳು, ಚನ್ನಪಟ್ಟಣದ ಗೊಂಬೆಯ ಅಂಗಡಿಗಳು ಗಿರಾಕಿಯಿಲ್ಲದೆ ಸೊರಗಿದವು. ಆ ಅಂಗಡಿಗಳಿಗೆ ಗೊಂಬೆ ಕಡೆಯುವ ಕೈಗಳಲ್ಲಿ ನಮ್ಮ ಸಮುದಾಯದವರೂ ಬಹಳ ಮಂದಿ ಇದ್ದಾರೆ. ಅದೇ ವರ್ಷದ ಆಗಸ್ಟ್ 1ರಿಂದ ಹೆದ್ದಾರಿಯ ಮುಖ್ಯ ಪಥಕ್ಕೆ ಬೈಕು, ಆಟೋ, ಟ್ರ್ಯಾಕ್ಟರುಗಳ ಪ್ರವೇಶವನ್ನು ನಿಷೇಧಿಸಲಾಯಿತು. ಅಪಘಾತಗಳು ಹೆಚ್ಚಿದ್ದರಿಂದ ಆ ನಿರ್ಧಾರಕ್ಕೆ ಕಾರಣವಿತ್ತು, ನಿಜ. ಆದರೆ ರೈತನ ಹೊಲದ ಮೇಲೆ ಹಾದುಹೋದ ರಸ್ತೆಗೆ ರೈತನ ಟ್ರ್ಯಾಕ್ಟರ್ ಹತ್ತುವಂತಿಲ್ಲ ಎಂಬುದೂ ಅಷ್ಟೇ ನಿಜ. 1902ರ ತಂತಿಗೂ 2023ರ ರಸ್ತೆಗೂ ನಡುವೆ ನೂರಿಪ್ಪತ್ತೊಂದು ವರ್ಷಗಳ ಅಂತರವಿದೆ. ದಾರಿ ಮಾತ್ರ ಅದೇ.

ಬೇರೆ ದಾರಿ ಇರಲಿಲ್ಲವೇ? ಇತ್ತು. ಅದನ್ನು ತಿಳಿಯಲು ಅಮೆರಿಕಕ್ಕೋ ಜಪಾನಿಗೋ ಹೋಗಬೇಕಿಲ್ಲ, ಬೆಸಗರಹಳ್ಳಿಯಿಂದ ಮಂಡ್ಯಕ್ಕೆ ಹೋದರೆ ಸಾಕು.

ಕನ್ನಂಬಾಡಿ ಕಟ್ಟೆ ಪೂರ್ಣಗೊಂಡು ಇರ್ವಿನ್ ನಾಲೆಯ ನೀರು ಮಂಡ್ಯದ ಬಯಲಿಗೆ ಹರಿಯುವ ಹೊತ್ತಿಗೆ ಮೈಸೂರು ಸಂಸ್ಥಾನದ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಪರ್ಷಿಯಾದಿಂದ ಕುದುರೆ ವ್ಯಾಪಾರಕ್ಕೆ ಬಂದು ಬೆಂಗಳೂರಿನಲ್ಲಿ ನೆಲೆನಿಂತ ಅಲಿ ಅಸ್ಕರ್ ಅವರ ಮೊಮ್ಮಗ. ನಾಲ್ವಡಿ ಕೃಷ್ಣರಾಜ ಒಡೆಯರ ಸಹಪಾಠಿ. 1926ರಿಂದ 1941ರ ವರೆಗೆ ದಿವಾನ. ನೀರು ಬಂದರೆ ಸಾಲದು, ಬೆಳೆ ಬೇಕು. ಬೆಳೆ ಬಂದರೆ ಸಾಲದು, ಕೊಳ್ಳುವವರು ಬೇಕು. ಕೊಳ್ಳುವವರಿದ್ದರೆ ಸಾಲದು, ರೈತನಿಗೆ ಯಾವ ತಳಿ ಹಾಕಬೇಕು, ಯಾವಾಗ ಕಡಿಯಬೇಕು ಎಂದು ಹೇಳುವವರು ಬೇಕು. ಈ ಸರಪಳಿಯ ಒಂದು ಕೊಂಡಿ ತಪ್ಪಿದರೂ ಉಳಿದವು ವ್ಯರ್ಥ. ಕೆನಡಾದಿಂದ ಬಂದು ಸಂಸ್ಥಾನದ ಕೃಷಿ ಇಲಾಖೆಯನ್ನು ಕಟ್ಟಿದ ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿ ಇದನ್ನು ಅರಿತಿದ್ದರು. 1931ರಲ್ಲಿ ನಾಲೆಯ ಪಕ್ಕದಲ್ಲಿ ಸಂಶೋಧನಾ ಕ್ಷೇತ್ರ ಆರಂಭವಾಯಿತು. ಅದೇ ಇಂದಿನ ವಿ.ಸಿ. ಫಾರ್ಮ್. 1933ರಲ್ಲಿ ಮೈಸೂರು ಸಕ್ಕರೆ ಕಂಪೆನಿ ಸ್ಥಾಪನೆಯಾಯಿತು. ಅದರಲ್ಲಿ ಸರಕಾರದ ಷೇರು ಇತ್ತು, ರೈತರೂ ಷೇರುದಾರರಾಗಿದ್ದರು. (ಕಾರ್ಖಾನೆಗೆ ಅಂಟಿಕೊಂಡಿದ್ದ ಮದ್ಯಸಾರ ಘಟಕದ ಕುರಿತು ನಮ್ಮ ತಕರಾರು ಬೇರೆಯೇ ಇದೆ, ಅದು ಇಲ್ಲಿ ಬೇಡ.) ಸರಕಾರ ನಾಲೆ ತೋಡಿತು, ವಿಜ್ಞಾನಿ ತಳಿ ಕೊಟ್ಟ, ಕಾರ್ಖಾನೆ ಕಬ್ಬು ಕೊಂಡಿತು, ರೈತ ಬೆಳೆದ. ಒಬ್ಬನ ಸೋಲು ಮತ್ತೊಬ್ಬನ ನಷ್ಟವಾಗುವಂತೆ ಎಲ್ಲರನ್ನೂ ಒಂದೇ ಹಗ್ಗದಲ್ಲಿ ಕಟ್ಟಲಾಗಿತ್ತು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾದಾಗ ಅದರ ಬೆನ್ನಿಗಿದ್ದುದು ಈ ವ್ಯವಸ್ಥೆಯೇ. ಸರಕಾರ, ಉದ್ಯಮ, ಸಮಾಜಗಳ ಕೈಜೋಡಣೆಯೆಂದು ಇಂದಿನ ಸಚಿವರು ಕರೆಯುವುದನ್ನು ಅಂದು ಯಾವ ಘೋಷಣೆಯೂ ಇಲ್ಲದೆ ಮಾಡಿದ್ದರು.

ಅದೇ ವಿ.ಸಿ. ಫಾರ್ಮಿನಲ್ಲಿ ಬದುಕು ಸವೆಸಿದ ಇನ್ನೊಬ್ಬರನ್ನೂ ನೆನೆಯಬೇಕು. ಅವರು ರಾಗಿ ಲಕ್ಷ್ಮಣಯ್ಯ. ಭತ್ತ, ಗೋಧಿಗಳ ಹೊಸ ತಳಿಗಳಿಗೆ ಜಗತ್ತೇ ಬೆಂಬಲವಾಗಿ ನಿಂತಿದ್ದ ಕಾಲವದು. ರಾಗಿ ಬಡವರ ಹಿಟ್ಟು, ಅದನ್ನು ಕೇಳುವವರಿರಲಿಲ್ಲ. ರಾಗಿಯ ಹೂವು ಬರಿಗಣ್ಣಿಗೆ ಸಿಕ್ಕದಷ್ಟು ಸಣ್ಣದು. ನಡುರಾತ್ರಿ ಕಳೆದು ಬೆಳಕು ಹರಿಯುವುದರೊಳಗೆ ಅರಳಿ ತನ್ನಷ್ಟಕ್ಕೆ ತಾನೇ ಪರಾಗಸ್ಪರ್ಶ ಮುಗಿಸಿಕೊಳ್ಳುತ್ತದೆ. ಆದ್ದರಿಂದ ಎರಡು ತಳಿಗಳನ್ನು ಕೂಡಿಸುವುದು ಬಹಳ ಕಠಿಣವೆಂದು ವಿಜ್ಞಾನಿಗಳು ಭಾವಿಸಿದ್ದರು. ಲಕ್ಷ್ಮಣಯ್ಯನವರು ಅದನ್ನು ಸಾಧಿಸಿದರು. ನಮ್ಮ ರಾಗಿಯನ್ನು ಆಫ್ರಿಕಾದ ರಾಗಿಯೊಂದಿಗೆ ಕೂಡಿಸಿ ಇಂಡಾಫ್ ತಳಿಗಳನ್ನು ರೂಪಿಸಿದರು. ಇಂಡಿಯಾ ಮತ್ತು ಆಫ್ರಿಕಾ ಎಂಬ ಎರಡು ಹೆಸರು ಸೇರಿ ಇಂಡಾಫ್. ಮೈಸೂರು ಸೀಮೆಯ ಹೊಲಗಳಲ್ಲಿ ರಾಗಿಯ ಇಳುವರಿ ಏರಿತು. 1993ರಲ್ಲಿ ಅವರು ತೀರಿಹೋದರು. ಅವರ ಮುದ್ದೆ ಉಂಡು ಬೆಳೆದ ಮಕ್ಕಳಲ್ಲಿ ಎಷ್ಟು ಮಂದಿಗೆ ಅವರ ಹೆಸರು ಗೊತ್ತು? ಕ್ರಿಕೆಟ್ ಆಟಗಾರನ ಬ್ಯಾಟಿನ ತೂಕ ಗೊತ್ತಿರುವ ಹುಡುಗನಿಗೆ ಲಕ್ಷ್ಮಣಯ್ಯ ಯಾರೆಂದು ನಮ್ಮ ಶಾಲೆಗಳು ಹೇಳಿಕೊಟ್ಟಿವೆಯೇ?

ಆ ಹಗ್ಗ ಕಡಿದದ್ದು ಒಂದೇ ದಿನದಲ್ಲಲ್ಲ. ಸರಕಾರಿ ಸಕ್ಕರೆ ಕಾರ್ಖಾನೆ ನಷ್ಟ, ದುರಾಡಳಿತ ಮತ್ತು ರಾಜಕೀಯ ಹಸ್ತಕ್ಷೇಪಗಳಲ್ಲಿ ನರಳಿತು. ಕೆಲವು ವರ್ಷ ಬಾಗಿಲು ಮುಚ್ಚಿಕೊಂಡಿದ್ದು 2022ರಲ್ಲಿ ಮತ್ತೆ ಕಬ್ಬು ಅರೆಯತೊಡಗಿತು. ಈ ನಡುವೆ, 2015ರಲ್ಲಿ, ಮಂಡ್ಯ ಜಿಲ್ಲೆಯ ಕಬ್ಬು ಬೆಳೆಗಾರರು ಒಬ್ಬರ ಹಿಂದೊಬ್ಬರಂತೆ ಆತ್ಮಹತ್ಯೆ ಮಾಡಿಕೊಂಡರು. ಕಬ್ಬು ಕೊಟ್ಟಾಗಿತ್ತು, ಹಣ ಬಂದಿರಲಿಲ್ಲ, ಸಾಲದವರು ಬಾಗಿಲಲ್ಲಿದ್ದರು. ಕಬ್ಬು ಪೂರೈಸಿದ 14 ದಿನಗಳೊಳಗೆ ಹಣ ಪಾವತಿಸಬೇಕು, ತಪ್ಪಿದರೆ ಶೇ. 15ರ ಬಡ್ಡಿ ಸೇರಿಸಿ ಕೊಡಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶ ಸ್ಪಷ್ಟವಾಗಿ ಹೇಳುತ್ತದೆ. ಆ ಬಡ್ಡಿಯನ್ನು ಕೈಯಲ್ಲಿ ಎಣಿಸಿಕೊಂಡ ರೈತನನ್ನು ಯಾರಾದರೂ ಕಂಡಿದ್ದೀರಾ? ಅತ್ತ ಪೆಟ್ರೋಲಿಗೆ ಶೇ. 20ರಷ್ಟು ಎಥೆನಾಲ್ ಬೆರೆಸುವ ಗುರಿಯನ್ನು ದೇಶ 2025ರಲ್ಲಿ ತಲುಪಿತೆಂದು ಕೇಂದ್ರ ಸರಕಾರ ಹೇಳಿಕೊಂಡಿತು. ಕಬ್ಬಿನಿಂದ ಇಂಧನ ತೆಗೆಯುವುದು ಖಂಡಿತವಾಗಿಯೂ ಆವಿಷ್ಕಾರವೇ. ಆದರೆ ಅದೇ ವರ್ಷದ ನವೆಂಬರ್‌ನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರದಲ್ಲಿ ರೈತರು ಟನ್ನಿಗೆ 3,500 ರೂಪಾಯಿ ಕೊಡಿ ಎಂದು ರಸ್ತೆಯಲ್ಲಿ ಕೂತಿದ್ದರು. ಕೊನೆಗೆ 3,300 ರೂಪಾಯಿಗೆ ಒಪ್ಪಂದವಾಯಿತು. ಬೆಲೆಗಾಗಿ ಬೀದಿಗೆ ಬರುವ ಗತಿ ತಪ್ಪದ ರೈತನಿಗೆ ಎಥೆನಾಲಿನ ಸಾಧನೆಯನ್ನು ವಿವರಿಸಿ ಹೇಳುವ ಧೈರ್ಯ ಯಾವ ಸಚಿವರಿಗಿದೆ?

ಇನ್ನು ಸರಕಾರದ ಲೆಕ್ಕಕ್ಕೆ ಬರೋಣ. ಸಂಶೋಧನೆ ಮತ್ತು ಅಭಿವೃದ್ಧಿಗೆ ಭಾರತ ವ್ಯಯಿಸಿದ್ದು 2020-21ರಲ್ಲಿ ಒಟ್ಟು ದೇಶೀಯ ಉತ್ಪನ್ನದ ಶೇ. 0.64 ಮಾತ್ರ. ಚೀನಾ ಶೇ. 2ನ್ನು ದಾಟಿ ವರ್ಷಗಳೇ ಕಳೆದಿವೆ, ದಕ್ಷಿಣ ಕೊರಿಯಾ ಶೇ. 4ನ್ನೂ ದಾಟಿದೆ. ಆ ದೇಶಗಳಲ್ಲಿ ಈ ವೆಚ್ಚದ ಮುಕ್ಕಾಲು ಭಾಗದಷ್ಟನ್ನು ಉದ್ಯಮಗಳೇ ಭರಿಸುತ್ತವೆ. ನಮ್ಮಲ್ಲಿ ಖಾಸಗಿ ವಲಯದ ಪಾಲು ಶೇ. 36ರ ಆಸುಪಾಸಿನಲ್ಲಿದೆ. ವಿದೇಶಿ ಯಂತ್ರ ತಂದು ಜೋಡಿಸಿ ಸ್ವದೇಶಿ ಎಂದು ಅಂಟುಚೀಟಿ ಹಚ್ಚುವುದರಲ್ಲಿರುವ ಲಾಭ ಸಂಶೋಧನೆಯಲ್ಲಿ ಇಲ್ಲವೆಂಬುದನ್ನು ನಮ್ಮ ಉದ್ಯಮಪತಿಗಳು ಚೆನ್ನಾಗಿ ಬಲ್ಲರು. 2023ರಲ್ಲಿ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ಕಾನೂನು ಬಂತು. ಐದು ವರ್ಷಗಳಲ್ಲಿ 50,000 ಕೋಟಿ ಎಂದು ಘೋಷಿಸಲಾಯಿತು. ಅದರಲ್ಲಿ ಸರಕಾರದ್ದು 14,000 ಕೋಟಿ, ಉಳಿದ 36,000 ಕೋಟಿ ಉದ್ಯಮ ಮತ್ತಿತರ ಮೂಲಗಳಿಂದ ಬರಬೇಕು. ಬರಬೇಕು, ಅಷ್ಟೇ. 2025ರಲ್ಲಿ ಒಂದು ಲಕ್ಷ ಕೋಟಿಯ ಇನ್ನೊಂದು ನಿಧಿ ಪ್ರಕಟವಾಯಿತು. ಅದು ಖಾಸಗಿ ಉದ್ಯಮಗಳಿಗೆ ಕಡಿಮೆ ಬಡ್ಡಿಯಲ್ಲಿ ದೀರ್ಘಾವಧಿ ಹಣ ಒದಗಿಸುವ ಯೋಜನೆ, ಅದೂ ಪ್ರಾಥಮಿಕ ಹಂತ ದಾಟಿ ಮಾರುಕಟ್ಟೆಯತ್ತ ಹೊರಟ ತಂತ್ರಜ್ಞಾನಗಳಿಗೆ. ದೇಶಕ್ಕೆ ಅಂಥ ನಿಧಿ ಬೇಡವೆನ್ನಲಾಗದು. ಆದರೆ ರಾತ್ರಿಯಿಡೀ ರಾಗಿಯ ಹೂವಿನ ಮುಂದೆ ಕೂರುವ ಇನ್ನೊಬ್ಬ ಲಕ್ಷ್ಮಣಯ್ಯ ಯಾವ ನಿಧಿಯ ಬಾಗಿಲು ತಟ್ಟಬೇಕು?

ಸಂಶೋಧನೆಯ ಕುರಿತು ಈ ಸರಕಾರದ ಮನೋಭಾವವನ್ನು ತಿಳಿಯಲು 2019ರ ಜನವರಿಯ ಜಲಂಧರವನ್ನು ನೆನಪಿಸಿಕೊಂಡರೆ ಸಾಕು. ಅಲ್ಲಿ ನಡೆದ ಭಾರತೀಯ ವಿಜ್ಞಾನ ಕಾಂಗ್ರೆಸ್ ಅಧಿವೇಶನದಲ್ಲಿ ಪ್ರಧಾನಿಯವರು ಜೈ ಜವಾನ್, ಜೈ ಕಿಸಾನ್, ಜೈ ವಿಜ್ಞಾನಗಳಿಗೆ ಜೈ ಅನುಸಂಧಾನವನ್ನೂ ಸೇರಿಸಿದರು. ಮರುದಿನವೇ ಅದೇ ಅಧಿವೇಶನದಲ್ಲಿ ವಿಶ್ವವಿದ್ಯಾಲಯವೊಂದರ ಕುಲಪತಿಗಳು, ಕೌರವರು ಪ್ರನಾಳ ಶಿಶುಗಳೆಂದೂ ರಾವಣನ ಬಳಿ 24 ಬಗೆಯ ವಿಮಾನಗಳಿದ್ದವೆಂದೂ ಉಪನ್ಯಾಸ ಕೊಟ್ಟರು. ಮುಂದೆ ಏನಾಯಿತು? ಆ ಅಧಿವೇಶನಕ್ಕೆ ನೀಡುತ್ತಿದ್ದ ಬೆಂಬಲವನ್ನು 2023ರಲ್ಲಿ ಸರಕಾರ ಹಿಂತೆಗೆದುಕೊಂಡಿತು, 2024ರ ಜನವರಿಯಲ್ಲಿ ಅಧಿವೇಶನವೇ ನಡೆಯಲಿಲ್ಲ. ಘೋಷಣೆ ಉಳಿಯಿತು.

ಘೋಷಣೆಯ ಇನ್ನೊಂದು ಮುಖವನ್ನು ನಮ್ಮ ಮನೆಗಳಿಗೆ ಹೇಳಿಕೊಡಬೇಕಾಗಿಲ್ಲ. ಸಾಚಾರ್ ಸಮಿತಿಯ ವರದಿ 2006ರಲ್ಲಿ ಹೊರಬಂದ ಬಳಿಕ, 2009ರಲ್ಲಿ, ಅಲ್ಪಸಂಖ್ಯಾತ ಸಮುದಾಯಗಳ ಸಂಶೋಧನಾ ವಿದ್ಯಾರ್ಥಿಗಳಿಗಾಗಿ ಮೌಲಾನಾ ಆಝಾದ್ ಫೆಲೋಶಿಪ್ ಆರಂಭವಾಗಿತ್ತು. ಮುಸ್ಲಿಮರು ಮಾತ್ರವಲ್ಲ, ಕ್ರೈಸ್ತ, ಸಿಖ್, ಬೌದ್ಧ, ಜೈನ, ಪಾರ್ಸಿ ವಿದ್ಯಾರ್ಥಿಗಳಿಗೂ ಅದು ಸಿಗುತ್ತಿತ್ತು. 2022ರ ಡಿಸೆಂಬರ್‌ನಲ್ಲಿ ಅದನ್ನು ನಿಲ್ಲಿಸಲಾಯಿತೆಂದು ಲೋಕಸಭೆಯಲ್ಲಿ ಸರಕಾರ ತಿಳಿಸಿತು. ಬೇರೆ ಯೋಜನೆಗಳಲ್ಲೂ ಇವರಿಗೆ ಅವಕಾಶವಿದೆ ಎಂಬುದು ಕಾರಣ. ಅದೇ ವರ್ಷ ಒಂದರಿಂದ ಎಂಟನೇ ತರಗತಿವರೆಗಿನ ಅಲ್ಪಸಂಖ್ಯಾತ ಮಕ್ಕಳ ವಿದ್ಯಾರ್ಥಿವೇತನವೂ ನಿಂತಿತು. ಮಂಡ್ಯದ ಕಾಲೇಜಿನ ಆವರಣದಲ್ಲಿ ಶಿರವಸ್ತ್ರ ಧರಿಸಿ ಪಾಠ ಕೇಳಲು ಬಂದ ಒಬ್ಬಳೇ ಹುಡುಗಿಯನ್ನು ಗುಂಪೊಂದು ಅಟ್ಟಿಸಿಕೊಂಡು ಕೂಗಿದ ದೃಶ್ಯವನ್ನು ಜಗತ್ತು ನೋಡಿದ್ದೂ ಅದೇ 2022ರ ಫೆಬ್ರವರಿ 8ರಂದು. ಒಂದು ಕಡೆ ಜೈ ಅನುಸಂಧಾನ, ಇನ್ನೊಂದು ಕಡೆ ಪ್ರಯೋಗಾಲಯದ ಬಾಗಿಲಿಗೆ ಬಂದ ಮಕ್ಕಳನ್ನು ಹಿಂದಕ್ಕೆ ಕಳಿಸುವ ಕಾರ್ಯಕ್ರಮ. ದೇಶದ ಉನ್ನತ ಶಿಕ್ಷಣದಲ್ಲಿ ಮುಸ್ಲಿಮ್ ವಿದ್ಯಾರ್ಥಿಗಳ ಸಂಖ್ಯೆ 2019-20ರಲ್ಲಿ 21 ಲಕ್ಷದಷ್ಟಿದ್ದುದು ಮರುವರ್ಷ 19.21 ಲಕ್ಷಕ್ಕೆ ಕುಸಿಯಿತು. ಆಮೇಲಿನ ವರ್ಷ ಮತ್ತೆ 21 ಲಕ್ಷವನ್ನು ದಾಟಿದರೂ ಒಟ್ಟು ವಿದ್ಯಾರ್ಥಿಗಳಲ್ಲಿ ಅವರ ಪಾಲು ಶೇ. 5ನ್ನು ಮುಟ್ಟಲಿಲ್ಲ. ಜನಸಂಖ್ಯೆಯಲ್ಲಿ ಶೇ. 14ರಷ್ಟಿರುವ ಸಮುದಾಯದ ಮಾತಿದು.

ಇಷ್ಟು ಹೇಳಿ ಲೇಖನಿ ಕೆಳಗಿಟ್ಟರೆ ಓದುಗರಿಗೆ ಹಿತವಾದೀತು. ಆದರೆ ಅದು ಅರ್ಧ ಸತ್ಯವಾದೀತು. ಸಮಾಜವೆಂದರೆ ನಾವೂ ಸೇರುತ್ತೇವಲ್ಲವೇ?

ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣದಲ್ಲಿ 1799ರಲ್ಲಿ ಟಿಪ್ಪು ಸುಲ್ತಾನ್ ಹುತಾತ್ಮನಾದ. ಅವನ ಹೆಸರಿನಲ್ಲಿ ಒಂದು ಗುಂಪು ಪ್ರತಿಮೆ ಕೇಳುತ್ತದೆ, ಇನ್ನೊಂದು ಗುಂಪು ಚಿತ್ರಪಟ ಹರಿಯುತ್ತದೆ. ಪ್ರತಿ ನವೆಂಬರ್‌ನಲ್ಲಿ ಇದೇ ಗಲಾಟೆ. ಕಬ್ಬಿಣದ ಕೊಳವೆಯಲ್ಲಿ ಮದ್ದು ತುಂಬಿದ ಅವನ ರಾಕೆಟ್ಟುಗಳನ್ನು ಇಂಗ್ಲೆಂಡಿಗೆ ಹೊತ್ತೊಯ್ದು, ಬಿಚ್ಚಿ ನೋಡಿ, ಕೆಲವೇ ವರ್ಷಗಳಲ್ಲಿ ಅವುಗಳನ್ನು ಸುಧಾರಿಸಿದವರು ಅವನನ್ನು ಕೊಂದವರು. ವಿಲಿಯಂ ಕಾಂಗ್ರೀವ್ ಎಂಬವರ ಹೆಸರಿನಲ್ಲಿ ಅವು ಯುರೋಪಿನ ಯುದ್ಧಗಳಲ್ಲಿ ಹಾರಿದವು. ಶತ್ರು ಅವನಿಂದ ಕಲಿತ. ಅವನ ಅಭಿಮಾನಿಗಳಾದ ನಾವು ಅವನ ಚಿತ್ರವನ್ನು ಆಟೋದ ಹಿಂಬದಿಗೆ ಅಂಟಿಸಿಕೊಂಡೆವು. ಆಟೋ ಓಡಿಸುವುದು ಹಲಾಲ್ ದುಡಿಮೆ, ಅದರಲ್ಲಿ ಅವಮಾನವಿಲ್ಲ. ಆದರೆ ಆ ಆಟೋದವನ ಮಗ ಇಂಜಿನಿಯರ್ ಆಗಬಯಸಿದಾಗ ಶುಲ್ಕಕ್ಕಾಗಿ ಜಮಾಅತಿನ ಬಾಗಿಲಿಗೆ ಬಂದರೆ, ನಿಧಿಯಲ್ಲಿ ಹಣವಿಲ್ಲವೆಂದು ಅವನನ್ನು ಕಳಿಸಿದ ಅದೇ ತಿಂಗಳಲ್ಲಿ ಮಿನಾರಕ್ಕೆ ಹೊಸ ದೀಪಮಾಲೆ ಬಂದಿರುತ್ತದೆ. ಮದುವೆಯ ಮಂಟಪಕ್ಕೆ, ಬಿರಿಯಾನಿಗೆ, ವರನ ಬೈಕಿಗೆ ಸಾಲ ಮಾಡುವ ತಂದೆಗೆ ಮಗಳ ಬಿ.ಎಸ್ಸಿ. ಮಾತ್ರ ದುಬಾರಿಯಾಗಿ ಕಾಣುತ್ತದೆ. ಕಾಲೇಜಿನ ಗೇಟಿನಲ್ಲಿ ಅವಳನ್ನು ತಡೆದ ಗುಂಪಿನ ವಿರುದ್ಧ ನಾವು ಕೂಗಿದ್ದು ಸರಿ. ಮನೆಯ ಹೊಸ್ತಿಲಲ್ಲೇ ತಡೆದವರ ವಿರುದ್ಧ ನಾವು ಕೂಗಲಿಲ್ಲವೇಕೆ?

ಅಷ್ಟಕ್ಕೂ ನಮ್ಮ ನಡುವೆ ಬೇರೆ ಬಗೆಯ ಮನುಷ್ಯರಿಲ್ಲವೆಂದಲ್ಲ. ಮಳವಳ್ಳಿ ತಾಲೂಕಿನ ಕಿರುಗಾವಲಿನಲ್ಲಿ ಸೈಯದ್ ಗನಿ ಖಾನ್ ಎಂಬ ರೈತರಿದ್ದಾರೆ. ಟಿಪ್ಪುವಿನ ಕಾಲದ್ದೆಂದು ಹೇಳಲಾಗುವ ಬಡಾ ಬಾಗ್ ಎಂಬ ಮಾವಿನ ತೋಪು ಅವರ ಕುಟುಂಬದ್ದು. ವಸ್ತುಸಂಗ್ರಹಾಲಯ ಶಾಸ್ತ್ರವನ್ನು ಓದಿದ್ದ ಅವರು ಮನೆಯ ಪರಿಸ್ಥಿತಿಯಿಂದ ಹೊಲಕ್ಕೆ ಮರಳಬೇಕಾಯಿತು. ಕೀಟನಾಶಕ ಸಿಂಪಡಿಸುವಾಗ ಒಮ್ಮೆ ಪ್ರಜ್ಞೆ ತಪ್ಪಿ ಬಿದ್ದ ಬಳಿಕ ತಾನು ಬೆಳೆಯುತ್ತಿರುವುದು ಅನ್ನವನ್ನೋ ವಿಷವನ್ನೋ ಎಂದು ತನ್ನನ್ನೇ ಪ್ರಶ್ನಿಸಿಕೊಂಡೆನೆಂದು ಅವರು ಹೇಳಿಕೊಂಡಿದ್ದಾರೆ. ಅಲ್ಲಿಂದ ಹಳೆಯ ಭತ್ತದ ತಳಿಗಳ ಹುಡುಕಾಟ ಶುರುವಾಯಿತು. ಇಂದು ಅವರ ಬಳಿ ನೂರಾರು ಭತ್ತದ ತಳಿಗಳಿವೆ, ನೂರಕ್ಕೂ ಹೆಚ್ಚು ಬಗೆಯ ಮಾವುಗಳಿವೆ. ಪ್ರತಿ ತಳಿಯನ್ನೂ ಪ್ರತ್ಯೇಕ ಮಡಿಯಲ್ಲಿ ಬೆಳೆದು, ಗುಣಗಳನ್ನು ಬರೆದಿಟ್ಟು, ಬೀಜವನ್ನು ಬೇರೆ ರೈತರಿಗೆ ಹಂಚುತ್ತಾರೆ. ಗಾಜಿನ ಪೆಟ್ಟಿಗೆಯಲ್ಲಿ ಇಡಬೇಕಿದ್ದ ಸಂಗ್ರಹ ಗದ್ದೆಯಲ್ಲಿ ಉಸಿರಾಡುತ್ತಿದೆ. ಬರ ಬಂದಾಗ, ರೋಗ ಬಂದಾಗ, ನೆಲ ಉಪ್ಪಾದಾಗ ತಾಳಿಕೊಳ್ಳುವ ಗುಣಗಳಿಗಾಗಿ ನಾಳಿನ ವಿಜ್ಞಾನಿ ಹುಡುಕಬೇಕಾದ್ದು ಇಂಥ ಬೀಜಗಳನ್ನೇ. ರೈತನೂ ತಳಿಯ ಒಡೆಯನಾಗಬಲ್ಲ ಎಂದು 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಒಪ್ಪಿಕೊಂಡಿದೆ. ಕಿರುಗಾವಲಿಗೆ ವಿದೇಶಗಳಿಂದಲೂ ಜನ ಬರುತ್ತಾರೆ. ಮದ್ದೂರು, ಮಳವಳ್ಳಿ, ಮಂಡ್ಯದ ಮೊಹಲ್ಲಾಗಳಿಂದ ಎಷ್ಟು ಶಾಲಾಮಕ್ಕಳನ್ನು ಆ ಗದ್ದೆಗೆ ಕರೆದೊಯ್ದಿದ್ದೇವೆ?

ಇದೇ ಜಿಲ್ಲೆ ಈಗ ಪತ್ರಿಕೆಯ ಮುಖಪುಟಕ್ಕೆ ಬರುವುದು ಬೇರೆ ಕಾರಣಕ್ಕೆ. 2024ರ ಸೆಪ್ಟೆಂಬರ್‌ನಲ್ಲಿ ನಾಗಮಂಗಲದಲ್ಲಿ ಗಣೇಶ ಮೆರವಣಿಗೆಯ ವೇಳೆ ಗಲಭೆಯಾಗಿ ಅಂಗಡಿಗಳೂ ವಾಹನಗಳೂ ಸುಟ್ಟುಹೋದವು. ಮರುವರ್ಷ ಅದೇ ತಿಂಗಳಲ್ಲಿ ಮದ್ದೂರಿನಲ್ಲಿ ಮೆರವಣಿಗೆಯ ಮೇಲೆ ಕಲ್ಲು ಬಿದ್ದು ಊರಿಗೆ ಊರೇ ಹೊತ್ತಿಕೊಳ್ಳುವ ಸ್ಥಿತಿ ಬಂತು. ಕಲ್ಲೆಸೆದವನು ಯಾರೇ ಆಗಿರಲಿ ಶಿಕ್ಷೆಯಾಗಲಿ. ಅವನು ನಮ್ಮವನಾಗಿದ್ದರೆ ಮೊದಲು ಖಂಡಿಸಬೇಕಾದವರು ನಾವೇ. ಮಸೀದಿಯ ಮುಂದೆ ಬೇಕೆಂದೇ ಕುಣಿದು ಕೆರಳಿಸುವವರಿಗೂ, ಬೆಂಕಿ ಆರಿದ ಮೇಲೆ ಬಂದು ಗಾಳಿ ಹಾಕುವ ನಾಯಕರಿಗೂ ಅದೇ ಮಾತು. ಗುಜರಿ ಅಂಗಡಿಯಲ್ಲಿ ಹಳೆ ಮೋಟಾರು ಬಿಚ್ಚಿ ಹೊಸದನ್ನು ಕಟ್ಟುವ ಹುಡುಗನಾಗಲಿ, ವೆಲ್ಡಿಂಗ್ ಶೆಡ್ಡಿನಲ್ಲಿ ರೈತ ಕೇಳಿದಂತೆ ನೇಗಿಲನ್ನು ತಿದ್ದಿಕೊಡುವ ಕುಶಲಕರ್ಮಿಯಾಗಲಿ, ನಾಳೆ ತನ್ನ ಅಂಗಡಿ ಉಳಿಯುತ್ತದೆಂಬ ಭರವಸೆಯಿಲ್ಲದೆ ಹೊಸದೇನನ್ನು ಮಾಡಿಯಾನು? ಸಾಲ ತಂದು ಯಂತ್ರ ಕೊಳ್ಳುವವನು ಮೊದಲು ಕೇಳಿಕೊಳ್ಳುವ ಪ್ರಶ್ನೆ, ಈ ಊರಿನಲ್ಲಿ ಮುಂದಿನ ವರ್ಷ ಬಂದ್ ಎಷ್ಟು ದಿನ ಎಂಬುದಾದರೆ, ಸೂಚ್ಯಂಕದ 38ನೇ ಸ್ಥಾನದಿಂದ ಅವನಿಗೇನು ಬಂತು?

ಸರಕಾರದ ಮುಂದೆ ನಾವಿಡುವ ಬೇಡಿಕೆಗಳು ಸರಳವಾಗಿವೆ. ವಿ.ಸಿ. ಫಾರ್ಮನ್ನು ಕೇಂದ್ರವಾಗಿಸಿ ಮಂಡ್ಯಕ್ಕೆ ಸಮಗ್ರ ಕೃಷಿ ವಿಶ್ವವಿದ್ಯಾಲಯ ಕೊಡುತ್ತೇವೆಂದು ರಾಜ್ಯ ಸರಕಾರ ಮುಂದಾಗಿದೆ. ಫಲಕ ಬದಲಿಸಿದರೆ ಸಾಲದು, ಹುದ್ದೆ ತುಂಬಲಿ, ಆಲೆಮನೆಯ ಒಲೆ ಮತ್ತು ಹೈಡ್ರೋಸ್ ಇಲ್ಲದ ಬೆಲ್ಲ ಅದರ ಮೊದಲ ಕೆಲಸವಾಗಲಿ. ಕಬ್ಬಿನ ಬಾಕಿಗೆ 14ನೇ ದಿನ ದಾಟಿದ ಕೂಡಲೇ ಬಡ್ಡಿ ತನ್ನಿಂತಾನೇ ರೈತನ ಖಾತೆಗೆ ಬೀಳಲಿ. ಮೊಬೈಲಿನಲ್ಲಿ ಕ್ಷಣಾರ್ಧದಲ್ಲಿ ಹಣ ಕಳಿಸುವ ವ್ಯವಸ್ಥೆ ಕಟ್ಟಿದ ದೇಶಕ್ಕೆ ಇದು ಕಷ್ಟವೇ? ಕೇಂದ್ರ ನಿಲ್ಲಿಸಿದ ಫೆಲೋಶಿಪ್ ಮರಳಿ ಬರಲಿ.

ಜಮಾಅತುಗಳ ಮುಂದೆಯೂ ಒಂದು ಕೋರಿಕೆಯಿದೆ. ಈ ವರ್ಷದ ವಾರ್ಷಿಕ ಸಭೆಯಲ್ಲಿ ಲೆಕ್ಕಪತ್ರ ಓದುವ ಮೊದಲು ಇನ್ನೊಂದು ಪಟ್ಟಿಯನ್ನು ಓದಿ. ಕಳೆದ ಐದು ವರ್ಷಗಳಲ್ಲಿ ಮೊಹಲ್ಲಾದ ಎಷ್ಟು ಹೆಣ್ಣುಮಕ್ಕಳು ಹತ್ತನೇ ತರಗತಿಯ ಬಳಿಕ ಶಾಲೆ ಬಿಟ್ಟರು, ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡ ಹುಡುಗರಲ್ಲಿ ಎಷ್ಟು ಮಂದಿ ಮಧ್ಯದಲ್ಲೇ ಗ್ಯಾರೇಜಿಗೆ ಸೇರಿದರು, ಅವರಲ್ಲಿ ಯಾರ ಮನೆಗೆ ಸಮಿತಿಯ ಸದಸ್ಯರೊಬ್ಬರು ಹೋಗಿ ಕಾರಣ ಕೇಳಿದರು. ಪಟ್ಟಿ ಸಿದ್ಧವಿಲ್ಲದಿದ್ದರೆ ಸಭೆಯನ್ನು ಒಂದು ವಾರ ಮುಂದೂಡಿ, ಮನೆಮನೆಗೆ ಹೋಗಿ ಬರೆದುಕೊಂಡು ಬನ್ನಿ.